ವಾರಕ್ಕೊಂದು ಗಂಟೆಯ ಸುದ್ದಿ

ಮಂಡ್ಯದ ನೂರಡಿ ರಸ್ತೆಯ ಹೋಟೆಲೊಂದರಲ್ಲಿ ಸಂಜೆ ಕಾಫಿಗೆ ಕುಳಿತಾಗಲೆಲ್ಲ ಎದುರು ಗೋಡೆಯ ಟಿವಿ ಕಣ್ಣಿಗೆ ಬೀಳುತ್ತದೆ. ಗಲ್ಲಾದಲ್ಲಿ ಕುಳಿತವರು ಗಿರಾಕಿಗಳ ಮಾತಿಗೆ ಅಡ್ಡಿಯಾಗದಿರಲೆಂದು ಅದರ ಧ್ವನಿಯನ್ನು ಪೂರ್ತಿ ನಿಲ್ಲಿಸಿರುತ್ತಾರೆ. ಪರದೆಯ ತಳದಲ್ಲಿ ಒಂದು ಸಾಲು ಎಡೆಬಿಡದೆ ಓಡುತ್ತಿರುತ್ತದೆ. ಅದರ ಮೇಲೊಂದು ಕೆಂಪು ಪಟ್ಟಿ, ಅದರ ಮೇಲೆ ಇನ್ನೂ ದಪ್ಪಕ್ಷರದ ಹಳದಿ ಪಟ್ಟಿ, ಪಕ್ಕದಲ್ಲಿ ಚಿನ್ನದ ದರ, ಮಳೆಗಾಲವಾದರೆ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. ಇಷ್ಟೆಲ್ಲ ಕಳೆದು ಉಳಿದ ಜಾಗದಲ್ಲಿ ಯಾರೋ ಕಾರಿನಿಂದ ಇಳಿಯುವ ಕೆಲವೇ ಸೆಕೆಂಡುಗಳ ದೃಶ್ಯವೊಂದು ಸುತ್ತಿ ಸುತ್ತಿ ಬರುತ್ತಿರುತ್ತದೆ. ಕಾಫಿ ಮುಗಿಯುವ ಹೊತ್ತಿಗೆ ಆ ವ್ಯಕ್ತಿ ಎಷ್ಟು ಸಲ ಕಾರಿನಿಂದ ಇಳಿದಿರುತ್ತಾರೋ ಲೆಕ್ಕವಿಲ್ಲ. ಧ್ವನಿ ಇಲ್ಲದಿದ್ದರೂ ಏನನ್ನೂ ಕಳೆದುಕೊಂಡಂತೆ ಅನ್ನಿಸುವುದಿಲ್ಲ ಎಂಬುದೇ ನನ್ನನ್ನು ಬಹಳ ದಿನಗಳಿಂದ ಕೊರೆಯುತ್ತಿರುವ ವಿಷಯ. ಸುದ್ದಿಯೆಂದರೆ ಯಾರೋ ಯಾರಿಗೋ ಏನನ್ನೋ ಹೇಳುವುದು. ಹೇಳುವ ದನಿಯನ್ನೇ ತೆಗೆದ ಮೇಲೂ ಸುದ್ದಿ ಹಾಗೇ ಉಳಿಯುವುದಾದರೆ ಅಲ್ಲಿ ಹೇಳುತ್ತಿದ್ದುದಾದರೂ ಏನು?

ಪರದೆಯ ಮೇಲೆ ಹೀಗೆ ಅಕ್ಷರ ಮೂಡಿಸುವ ಉಪಾಯದ ಮೂಲ ಹುಡುಕುತ್ತಾ ಹೋದರೆ ಮುಂದೆ ‘60 ಮಿನಿಟ್ಸ್’ ಎಂಬ ವಾರದ ಸುದ್ದಿ ಕಾರ್ಯಕ್ರಮವನ್ನು ಕಟ್ಟಿದ ಅಮೆರಿಕದ ಟಿವಿ ನಿರ್ಮಾಪಕ ಡಾನ್ ಹ್ಯೂಯಿಟ್ ಅವರ ಹೆಸರು ಸಿಗುತ್ತದೆ. 1952ರಲ್ಲಿ ಚಿಕಾಗೋ ನಗರದಲ್ಲಿ ಅಲ್ಲಿನ ಪಕ್ಷಗಳ ಮಹಾಧಿವೇಶನ ನಡೆದಾಗ ಸಿಬಿಎಸ್ ಟಿವಿ ಸಂಸ್ಥೆಯ ಪ್ರಸಾರದ ಹೊಣೆ ಹೊತ್ತವರಲ್ಲಿ ಅವರೂ ಒಬ್ಬರು. ತೆರೆಯ ಮೇಲೆ ಬಂದು ಹೋಗುವ ನೂರಾರು ಮುಖಗಳಿಗೆ ಹೆಸರು ಹಚ್ಚುವುದು ಹೇಗೆಂಬ ಚಿಂತೆಯಲ್ಲಿದ್ದ ಹ್ಯೂಯಿಟ್ ಅವರಿಗೆ ತಿಂಡಿಗೆ ಹೋದ ಹೋಟೆಲಿನ ಗೋಡೆಯಲ್ಲಿ ಅಂದಿನ ತಿನಿಸುಗಳ ಪಟ್ಟಿ ಕಾಣಿಸಿತು: ಕಪ್ಪು ಹಲಗೆ, ಅದರ ಗೀರುಗಳಲ್ಲಿ ಸಿಕ್ಕಿಸಿದ ಬಿಳಿಯ ಅಕ್ಷರಗಳು. ಆ ಹಲಗೆಯನ್ನೇ ಕೊಂಡು ತಂದರು. ಒಂದು ಕ್ಯಾಮೆರಾ ಹಲಗೆಯ ಮೇಲೆ, ಇನ್ನೊಂದು ಮುಖದ ಮೇಲೆ; ಎರಡನ್ನೂ ಬೆರೆಸಿದರೆ ಕಪ್ಪು ಮಾಯವಾಗಿ ಮುಖದ ಕೆಳಗೆ ಬಿಳಿ ಅಕ್ಷರದ ಹೆಸರು ಮಾತ್ರ ಉಳಿಯುತ್ತಿತ್ತು. ನೋಡುಗನಿಗೆ ಯಾರು ಮಾತನಾಡುತ್ತಿದ್ದಾರೆಂದು ತಿಳಿಯಲಿ ಎಂಬಷ್ಟೇ ಅದರ ಉದ್ದೇಶ. ಅದು ಬೆಳೆದು ಬೆಳೆದು ಮುಖವನ್ನೇ ನುಂಗುವ ಕಾಲ ಬರುತ್ತದೆಂದು ಆಗ ಯಾರೂ ಊಹಿಸಿರಲಾರರು.

ವರದಿಗಾರ ಮತ್ತು ರಂಗನಿರ್ದೇಶಕ

ಕಾರ್ಯಕ್ರಮವನ್ನು ಓದುವವರ ಮುಖ ನಮಗೆ ಗೊತ್ತಿರುತ್ತದೆ, ಅದನ್ನು ರೂಪಿಸಿದವರ ಹೆಸರು ಗೊತ್ತಿರುವುದಿಲ್ಲ. ಮೈಸೂರು ಸೀಮೆಯವರಾದ ನಮಗೇ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರ ನೆನಪಾಗುವುದು ಯಾವುದಾದರೂ ವಾರ್ಷಿಕೋತ್ಸವದ ಲೇಖನ ಬಂದಾಗ ಮಾತ್ರ. ಹ್ಯೂಯಿಟ್ ಅವರೂ ಅದೇ ಜಾತಿಯ ಮನುಷ್ಯ. ಐದೂವರೆ ದಶಕ ಟಿವಿ ಸುದ್ದಿಯಲ್ಲಿದ್ದರೂ ಬಹುಪಾಲು ಕ್ಯಾಮೆರಾದ ಹಿಂದೆಯೇ ಇದ್ದವರು. 1922ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಹುಟ್ಟಿ, ಓದನ್ನು ಅರ್ಧಕ್ಕೆ ಬಿಟ್ಟು, ಪತ್ರಿಕಾ ಕಚೇರಿಯೊಂದರಲ್ಲಿ ಪ್ರತಿ ಒಯ್ಯುವ ಹುಡುಗನಾಗಿ ಸೇರಿಕೊಂಡರು. ಬಾಲ್ಯದಲ್ಲಿ ನೋಡಿದ ಎರಡು ಚಲನಚಿತ್ರಗಳ ಪಾತ್ರಗಳು ತಮ್ಮನ್ನು ಎರಡು ಕಡೆಗೆ ಎಳೆಯುತ್ತಿದ್ದವೆಂದು ಅವರು ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ: ಒಂದರಲ್ಲಿ ಸುದ್ದಿಯ ಬೆನ್ನು ಹತ್ತಿ ಓಡುವ ವರದಿಗಾರ, ಇನ್ನೊಂದರಲ್ಲಿ ನಾಟಕ ಕಟ್ಟಿ ನಿಲ್ಲಿಸುವ ರಂಗನಿರ್ದೇಶಕ. 1948ರಲ್ಲಿ ಸಿಬಿಎಸ್ ಸೇರಿದಾಗ, ಈ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಬಹುದಾದ ಜಾಗವೊಂದು ಹುಟ್ಟಿಕೊಂಡಿದೆ ಎಂದು ಅವರಿಗೆ ತಿಳಿಯಿತು.

ಅವರ ವೃತ್ತಿಬದುಕಿನ ಒಳಿತು ಕೆಡಕುಗಳೆರಡೂ ಆ ಇಬ್ಬರ ಸಹವಾಸದಿಂದಲೇ ಬಂದವು. 1951ರ ನವೆಂಬರ್‌ನಲ್ಲಿ ಹೆಸರಾಂತ ಪತ್ರಕರ್ತ ಎಡ್ವರ್ಡ್ ಮರ್ರೋ ಅವರ ಸುದ್ದಿ ಕಾರ್ಯಕ್ರಮ ‘ಸೀ ಇಟ್ ನೌ’ ಆರಂಭವಾದಾಗ ಅದನ್ನು ನಿರ್ದೇಶಿಸಿದವರು ಹ್ಯೂಯಿಟ್. ಮೊದಲ ಕಂತಿನಲ್ಲಿಯೇ ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳ ದಡಗಳನ್ನು ಏಕಕಾಲದಲ್ಲಿ ನೇರವಾಗಿ ತೋರಿಸಿ ಜನರನ್ನು ಬೆರಗುಗೊಳಿಸಿದರು. ಅದರಲ್ಲಿ ಸುದ್ದಿ ಎಷ್ಟಿತ್ತು, ಆಟ ಎಷ್ಟಿತ್ತು ಎಂದು ಬೇರ್ಪಡಿಸುವುದು ಕಷ್ಟ. 1963ರ ಸೆಪ್ಟೆಂಬರ್ 2ರಂದು ಸಿಬಿಎಸ್‌ನಲ್ಲಿ ವಾಲ್ಟರ್ ಕ್ರಾಂಕೈಟ್ ಅವರು ಓದುತ್ತಿದ್ದ ಸಂಜೆಯ ವಾರ್ತೆ ಹದಿನೈದು ನಿಮಿಷದಿಂದ ಅರ್ಧ ಗಂಟೆಗೆ ಬೆಳೆದಾಗಲೂ ಅದರ ಕಾರ್ಯನಿರ್ವಾಹಕ ನಿರ್ಮಾಪಕರಾಗಿದ್ದವರು ಇವರೇ. ದಿನದ ಸುದ್ದಿ ಅರ್ಧ ಗಂಟೆಯಷ್ಟು ಉದ್ದವಿರಬಹುದು ಎಂಬುದೇ ಆಗ ದೊಡ್ಡ ಸಾಹಸವಾಗಿತ್ತು.

ಬಣ್ಣ ಹಚ್ಚಿಕೊಳ್ಳದ ಅಭ್ಯರ್ಥಿ

ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಕೆನೆಡಿ–ನಿಕ್ಸನ್ ನಡುವಿನ 1960ರ ಸೆಪ್ಟೆಂಬರ್ 26ರ ಟಿವಿ ಚರ್ಚೆಯನ್ನು ಚಿಕಾಗೋದ ಸ್ಟುಡಿಯೋದಲ್ಲಿ ನಿರ್ದೇಶಿಸಿದವರೂ ಹ್ಯೂಯಿಟ್ ಅವರೇ. ಕತೆ ಎಲ್ಲರಿಗೂ ಗೊತ್ತಿರುವಂಥದ್ದು: ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿ ಬಡವಾಗಿ ಬಂದಿದ್ದ ನಿಕ್ಸನ್, ಬಿಸಿಲು ಕಂಡ ಮೈಬಣ್ಣದ ಕೆನೆಡಿ. ಮುಖಕ್ಕೆ ಮೇಕಪ್ ಬೇಕೇ ಎಂದು ಹ್ಯೂಯಿಟ್ ಕೇಳಿದಾಗ ಕೆನೆಡಿ ಬೇಡವೆಂದರು. ಅದನ್ನು ಕೇಳಿಸಿಕೊಂಡ ನಿಕ್ಸನ್ ತಮಗೂ ಬೇಡವೆಂದರು. ಸುಮಾರು ಏಳು ಕೋಟಿ ಜನ ನೋಡಿದರು. ಈ ಪ್ರಸಂಗವನ್ನು ಹೇಳುವವರೆಲ್ಲ ನಿಕ್ಸನ್ ಮುಖದ ಮೇಲಿನ ಗಡ್ಡದ ನೆರಳಿನಲ್ಲಿಯೇ ನಿಂತುಬಿಡುತ್ತಾರೆ. ಹ್ಯೂಯಿಟ್ ಅವರಿಗೆ ಕಡೆಯವರೆಗೂ ಕಾಡಿದ್ದು ಬೇರೆ. ತಮ್ಮ ಪದವಿಗೆ ಟಿವಿ ಬೇಕೇ ಬೇಕೆಂದು ರಾಜಕಾರಣಿಗಳಿಗೂ, ರಾಜಕಾರಣಿಗಳ ಜಾಹೀರಾತಿನ ಹಣಕ್ಕೆ ತಳವೇ ಇಲ್ಲವೆಂದು ಟಿವಿಯವರಿಗೂ ಗೊತ್ತಾದದ್ದು ಆ ರಾತ್ರಿ, ಅಲ್ಲಿಂದ ಮುಂದೆ ಹಣವಿಲ್ಲದವನು ಆ ಹುದ್ದೆಯ ಕನಸು ಕಾಣುವಂತಿಲ್ಲವಾಯಿತು ಎಂಬರ್ಥದ ಮಾತನ್ನು ಅವರು ಮತ್ತೆ ಮತ್ತೆ ಆಡಿದ್ದಾರೆ. ತಾನೇ ನಿರ್ದೇಶಿಸಿ ಹೆಸರು ಮಾಡಿದ ಕಾರ್ಯಕ್ರಮದ ಬಗ್ಗೆ ಹೀಗೆ ಹೇಳುವವರು ವಿರಳ. 2019ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಅಷ್ಟೂ ಕ್ಯಾಮೆರಾಗಳು ಮಂಡ್ಯಕ್ಕೆ ಬಂದು ಬೀಡುಬಿಟ್ಟದ್ದನ್ನು ಕಂಡ ನಮ್ಮೂರಿನವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ತಿಂಗಳು ನಮ್ಮ ಕ್ಷೇತ್ರದಲ್ಲಿ ಯಾರು ಯಾರ ಮನೆಯಲ್ಲಿ ಊಟ ಮಾಡಿದರೆಂಬುದೆಲ್ಲ ಬೀದರಿನವರಿಗೂ ಗೊತ್ತಿತ್ತು. ಕ್ಷೇತ್ರದ ನಾಲೆ, ಕಬ್ಬಿನ ಬಾಕಿ ಹಣ, ಊರಿನ ಚರಂಡಿ ಯಾವುದೂ ಪಕ್ಕದ ತಾಲ್ಲೂಕಿಗೂ ಗೊತ್ತಾಗಲಿಲ್ಲ.

ಸಂಜಯ ವೃತ್ತದಲ್ಲಿ ಕೇಳಿದ ಅರ್ಧ ಮಾತು

ಹ್ಯೂಯಿಟ್ ಅವರ ಬಗ್ಗೆ ಓದುವಾಗಲೆಲ್ಲ ನನಗೆ ನೆನಪಾಗುವುದು 2016ರ ಸೆಪ್ಟೆಂಬರ್. ತಮಿಳುನಾಡಿಗೆ ಹತ್ತು ದಿನ ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದ ವಾರ. ಹೆದ್ದಾರಿ ಬಂದ್ ಆಗಿತ್ತು. ಸಂಜಯ ವೃತ್ತದಲ್ಲಿ ಟೈರ್ ಸುಟ್ಟ ವಾಸನೆ, ನೇರಪ್ರಸಾರದ ಒಬಿ ವ್ಯಾನುಗಳ ಸಾಲು. ನಾನು ನಿಂತಿದ್ದ ಅಂಗಡಿಯ ಜಗಲಿಯ ಎದುರಿಗೇ ಒಬ್ಬ ಯುವ ವರದಿಗಾರ ವಯಸ್ಸಾದ ರೈತರೊಬ್ಬರ ಮುಂದೆ ಮೈಕ್ ಹಿಡಿದಿದ್ದ. ರೈತರ ಕೈಯಲ್ಲಿ ಬೇರುಸಹಿತ ಕಿತ್ತು ತಂದ ಭತ್ತದ ಪೈರಿನ ಒಂದು ಕಂತೆ. ತುದಿಯೆಲ್ಲ ಹಳದಿಗೆ ತಿರುಗಿ, ಬೇರಿನಲ್ಲಿ ಅಂಟಿದ ಮಣ್ಣು ಒಣಗಿ ಉದುರುತ್ತಿತ್ತು.

“ಯಜಮಾನ್ರೇ, ತಮಿಳುನಾಡಿಗೆ ಒಂದು ತೊಟ್ಟು ನೀರೂ ಬಿಡಬಾರದು ಅಂತ ಒಂದೇ ಮಾತಲ್ಲಿ ಹೇಳ್ಬಿಡಿ.”

“ಅದೂ ಹೇಳ್ತೀನಿ ಕಣಪ್ಪ. ಅದ್ಕೂ ಮೊದ್ಲು ನಮ್ಮೂರ ತೂಬಿನ ವಿಚಾರ ಒಸಿ ಕೇಳು.”

ಅವರು ಹೇಳತೊಡಗಿದ್ದು ಇಷ್ಟು. ಅವರ ಜಮೀನು ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ. ಕಟ್ಟೆ ತುಂಬಿದ ವರ್ಷವೂ ಅಲ್ಲಿಗೆ ನೀರು ಬರುವುದು ಕಡೆಯಲ್ಲಿ, ಬಂದರೂ ಪೂರ್ತಿ ಬರುವುದಿಲ್ಲ. ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯಂತೆ, ಬಿಟ್ಟ ನೀರನ್ನು ಮೇಲಿನ ಊರಿನವರು ರಾತ್ರಿ ನಾಲೆಗೇ ಮೋಟಾರು ಇಟ್ಟು ಎತ್ತುತ್ತಾರೆ. ನಾಲೆಯ ನೀರು ಹಂಚುವ ಸೌಡಿಗೆ ಹೇಳಿದರೆ ಅವನೊಬ್ಬನೇ ಎಷ್ಟು ಮೈಲಿ ಕಾಯುತ್ತಾನೆ? ಒಟ್ಲು (ಸಸಿಮಡಿ) ಬಿಟ್ಟು ಇಷ್ಟು ದಿನವಾದರೂ ನಾಟಿಗೆ ನೀರಿಲ್ಲ. ಅವರ ದನಿಯಲ್ಲಿ ಸಿಟ್ಟಿಗಿಂತ ಲೆಕ್ಕಾಚಾರ ಹೆಚ್ಚಿತ್ತು. ಯಾವ ತೂಬಿನಿಂದ ಎಷ್ಟು, ಯಾರ ಗದ್ದೆಯ ನಂತರ ಯಾರ ಗದ್ದೆ ಎಂದು ಬೆರಳು ಮಡಿಸಿ ಎಣಿಸುತ್ತಿದ್ದರು. ವರದಿಗಾರ ಕೆಟ್ಟವನೇನಲ್ಲ. ಅವನ ಕಿವಿಯಲ್ಲಿ ಬೆಂಗಳೂರಿನ ಡೆಸ್ಕ್ ಮಾತನಾಡುತ್ತಿತ್ತು. ಲೈವ್‌ಗೆ ನಿಮಿಷಗಳೂ ಉಳಿದಿರಲಿಲ್ಲ. ಹಿರಿಯರ ಭುಜವನ್ನು ಮೆಲ್ಲಗೆ ಮುಟ್ಟಿ ಪಕ್ಕಕ್ಕೆ ಸರಿಸಿ, ಹಿಂದೆ ಘೋಷಣೆ ಕೂಗುತ್ತಿದ್ದ ಹುಡುಗರನ್ನು ಕರೆದು, “ಅದನ್ನೇ ಇನ್ನೊಂದ್ಸಲ, ಸ್ವಲ್ಪ ಜೋರಾಗಿ” ಎಂದ. ಅವರು ಕೂಗಿದರು. ರಾತ್ರಿ ಆ ವಾಹಿನಿಯಲ್ಲಿ ಆ ಕೂಗೇ ಬಂತು. ಪೈರಿನ ಕಂತೆ ಒಂದು ಕ್ಷಣ ಕಂಡಿತು. ಅದನ್ನು ಹಿಡಿದಿದ್ದವರ ಮುಖ ಕೆಂಪು ಪಟ್ಟಿಯ ಹಿಂದೆ ಉಳಿಯಿತು.

ಕಾವೇರಿಯ ವಿಚಾರದಲ್ಲಿ ನಮ್ಮ ಭಾಗದ ರೈತರಿಗೆ ಆಗಿರುವ ಅನ್ಯಾಯವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಆ ಹಿರಿಯರ ಬಳಿ ಇದ್ದದ್ದು ಇನ್ನೂ ದೊಡ್ಡ ಸುದ್ದಿ: ಎರಡು ರಾಜ್ಯಗಳ ಜಗಳದ ಒಳಗೆ ಒಂದೇ ನಾಲೆಯ ಮೇಲಿನವರು ಕೆಳಗಿನವರ ಜಗಳವಿದೆ, ಮತ್ತು ಅದರ ಬಗ್ಗೆ ಯಾವ ನ್ಯಾಯಾಲಯದಲ್ಲೂ ವಾದ ನಡೆಯುವುದಿಲ್ಲ. ಅದನ್ನು ತೋರಿಸಲು ನಾಲೆಯ ಉದ್ದಕ್ಕೂ ಹೋಗಬೇಕು, ರಾತ್ರಿ ಮೋಟಾರುಗಳ ಸದ್ದು ಹಿಡಿಯಬೇಕು, ಸೌಡಿಯನ್ನೂ ಮೇಲಿನ ಊರಿನವರನ್ನೂ ಇಲಾಖೆಯ ಇಂಜಿನಿಯರನ್ನೂ ಕೂರಿಸಿ ಕೇಳಬೇಕು. ಹದಿಮೂರು ನಿಮಿಷ ಬೇಕು. ಆ ಹದಿಮೂರು ನಿಮಿಷವನ್ನು ಹ್ಯೂಯಿಟ್ ಕಂಡುಹಿಡಿದಿದ್ದರು.

ಗಂಟೆಯನ್ನು ಮೂರಾಗಿ ಒಡೆದದ್ದು

1964ರ ಕೊನೆಯಲ್ಲಿ ಹ್ಯೂಯಿಟ್ ಅವರನ್ನು ಅವರ ಮೇಲಧಿಕಾರಿಯಾಗಿದ್ದ ಫ್ರೆಡ್ ಫ್ರೆಂಡ್ಲಿ ಸಂಜೆಯ ವಾರ್ತೆಯಿಂದ ತೆಗೆದುಹಾಕಿದರು. ಸಾಕ್ಷ್ಯಚಿತ್ರಗಳ ವಿಭಾಗಕ್ಕೆ ಹಾಕಿದ್ದು ಬಡ್ತಿಯೆಂದು ಅವರಿಗೆ ಹೇಳಲಾಗಿದ್ದರೂ ನಿಜವೇನೆಂದು ತಿಳಿಯಲು ಬಹಳ ಹೊತ್ತು ಹಿಡಿಯಲಿಲ್ಲ. ಆ ಮೂಲೆಯಲ್ಲಿ ಕುಳಿತೇ ಅವರು ತಮ್ಮ ಬದುಕಿನ ದೊಡ್ಡ ಯೋಚನೆಯನ್ನು ಮಾಡಿದರು. ಒಂದೇ ವಿಷಯದ ಮೇಲೆ ಒಂದು ಗಂಟೆಯ ಗಂಭೀರ ಸಾಕ್ಷ್ಯಚಿತ್ರವನ್ನು ಯಾರೂ ನೋಡುವುದಿಲ್ಲ. ಎರಡು ನಿಮಿಷದ ವಾರ್ತೆಯಲ್ಲಿ ಏನೂ ತಿಳಿಯುವುದಿಲ್ಲ. ಹಾಗಾದರೆ ಆ ಗಂಟೆಯನ್ನು ಮೂರಾಗಿ ಒಡೆದು, ಪತ್ರಿಕೆಯ ಪುರವಣಿಯಂತೆ ಒಂದು ತನಿಖೆ, ಒಂದು ಸಂದರ್ಶನ, ಒಂದು ಹಗುರ ಬರಹವನ್ನು ಒಟ್ಟಿಗೆ ಇಟ್ಟರೆ? ಮರ್ರೋ ಅವರಲ್ಲಿಯೇ ಇಬ್ಬರಿದ್ದರೆಂದು ಹ್ಯೂಯಿಟ್ ಹೇಳುತ್ತಿದ್ದರು: ‘ಸೀ ಇಟ್ ನೌ’ದ ಗಂಭೀರ ಮರ್ರೋ ಒಬ್ಬರು, ಖ್ಯಾತನಾಮರ ಮನೆಯೊಳಗೆ ಇಣುಕುವ ‘ಪರ್ಸನ್ ಟು ಪರ್ಸನ್’ ಕಾರ್ಯಕ್ರಮದ ಮರ್ರೋ ಇನ್ನೊಬ್ಬರು. ಇಬ್ಬರನ್ನೂ ಒಂದೇ ಗಂಟೆಯೊಳಗೆ ಕೂರಿಸಿದ್ದೇ ‘60 ಮಿನಿಟ್ಸ್’. ಅದು 1968ರ ಸೆಪ್ಟೆಂಬರ್ 24ರಂದು ವರದಿಗಾರರಾದ ಮೈಕ್ ವ್ಯಾಲೇಸ್ ಮತ್ತು ಹ್ಯಾರಿ ರೀಸನರ್ ಅವರೊಂದಿಗೆ ಆರಂಭವಾಯಿತು.

ಮೊದಲ ವರ್ಷಗಳಲ್ಲಿ ಅದನ್ನು ಹೆಚ್ಚು ಜನ ನೋಡಲಿಲ್ಲ. ಸಮಯ ಬದಲಾಯಿಸಿ ಬದಲಾಯಿಸಿ, 1975ರಲ್ಲಿ ಭಾನುವಾರ ಸಂಜೆ ಏಳು ಗಂಟೆಗೆ ತಂದು ನಿಲ್ಲಿಸಿದ ಮೇಲೆ ಅದಕ್ಕೆ ನೆಲೆ ಸಿಕ್ಕಿತು. 1979–80ರ ಹೊತ್ತಿಗೆ ಧಾರಾವಾಹಿ, ಹಾಸ್ಯ ಕಾರ್ಯಕ್ರಮಗಳನ್ನೆಲ್ಲ ಹಿಂದಿಕ್ಕಿ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡುವ ಕಾರ್ಯಕ್ರಮವಾಯಿತು. ಏಳು ವರ್ಷ ಸೋಲುತ್ತಿದ್ದರೂ ಅದನ್ನು ನಿಲ್ಲಿಸದೆ ಬಿಟ್ಟವರ ತಾಳ್ಮೆಯ ಬಗ್ಗೆ ಯಾರೂ ಮಾತನಾಡುವುದಿಲ್ಲ. ಈಗಿನ ನಮ್ಮ ವಾಹಿನಿಗಳಲ್ಲಿ ಗುರುವಾರ ಬರುವ ರೇಟಿಂಗ್ ನೋಡಿ ಶುಕ್ರವಾರ ಕಾರ್ಯಕ್ರಮದ ಹಣೆಬರಹ ಬರೆಯುತ್ತಾರೆ.

ಹ್ಯೂಯಿಟ್ ಅವರ ಕೆಲಸದ ಕ್ರಮದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅವರು ಕಿವಿಯನ್ನು ನಂಬಿದ ರೀತಿ. ಚಿತ್ರೀಕರಣದ ಜಾಗಕ್ಕೆ ಅವರು ಹೋಗುತ್ತಿದ್ದುದು ಕಡಿಮೆ. ನಿರ್ಮಾಪಕರು ಕತ್ತರಿಸಿ ತಂದ ಕರಡನ್ನು ಪ್ರದರ್ಶನ ಕೋಣೆಯಲ್ಲಿ ಒಬ್ಬ ಸಾಮಾನ್ಯ ನೋಡುಗನಂತೆ ನೋಡಿ, ಎಲ್ಲಿ ಬೇಸರವಾಯಿತು, ಎಲ್ಲಿ ಅರ್ಥವಾಗಲಿಲ್ಲ ಎಂದು ಮುಲಾಜಿಲ್ಲದೆ ಹೇಳುತ್ತಿದ್ದರು. ಮುಗಿಯಿತೆಂದುಕೊಂಡದ್ದನ್ನು ಹಿಂದುಮುಂದು ಮಾಡಿಸುತ್ತಿದ್ದರು. ನೋಡುಗನನ್ನು ಟಿವಿಯ ಮುಂದೆ ಕಟ್ಟಿ ಹಾಕುವುದು ಕಣ್ಣಿಗಿಂತ ಹೆಚ್ಚಾಗಿ ಕಿವಿ, ಚಿತ್ರಕ್ಕಿಂತ ಮಾತು ಎಂಬುದು ಅವರ ನಂಬಿಕೆಯಾಗಿತ್ತು. ವಿಷಯವನ್ನು ತರಬೇಡಿ, ಕಥೆಯನ್ನು ತನ್ನಿ ಎನ್ನುವುದೇ ಸಹೋದ್ಯೋಗಿಗಳಿಗೆ ಅವರು ಕೊಡುತ್ತಿದ್ದ ಸೂತ್ರ. ನೀರಾವರಿ ಎಂಬುದು ವಿಷಯ; ನಾಲೆಯ ಕೊನೆಯಲ್ಲಿ ಪೈರು ಹಿಡಿದು ನಿಂತ ರೈತ ಮತ್ತು ರಾತ್ರಿ ಮೋಟಾರು ಇಡುವ ಅವನ ಮೇಲೂರಿನ ನೆಂಟ, ಇದು ಕಥೆ. ಧ್ವನಿ ಮುಚ್ಚಿದರೂ ನಷ್ಟವಿಲ್ಲದ ನಮ್ಮ ಸುದ್ದಿಯನ್ನು ಈ ಅಳತೆಗೋಲಿನಿಂದ ಅಳೆದರೆ ಉಳಿಯುವುದೆಷ್ಟು?

ಲಾಭದ ರುಚಿ

ಹಾಗೆಂದು ಹ್ಯೂಯಿಟ್ ಅವರನ್ನು ಗದ್ದುಗೆಯ ಮೇಲೆ ಕೂರಿಸುವುದು ನನಗೆ ಬೇಕಿಲ್ಲ. ನಾಟಕದವನು ಆಗಾಗ ವರದಿಗಾರನನ್ನು ಮೀರಿ ಮುಂದೆ ಬಂದದ್ದುಂಟು. ಬಾಗಿಲ ಬಳಿ ಕಾದು ನಿಂತು, ಸಿದ್ಧವಿಲ್ಲದ ಮನುಷ್ಯನ ಮುಖಕ್ಕೆ ಕ್ಯಾಮೆರಾ ಹಿಡಿದು ಪ್ರಶ್ನೆ ಎಸೆಯುವ ವ್ಯಾಲೇಸ್ ಅವರ ಶೈಲಿಯನ್ನು ಜಗತ್ತಿಗೆಲ್ಲ ಕಲಿಸಿದ್ದು ಈ ಕಾರ್ಯಕ್ರಮವೇ. ಅದರಲ್ಲಿ ಸತ್ಯಕ್ಕಿಂತ ರೋಚಕತೆಯೇ ಹೆಚ್ಚಾಯಿತೆಂದು ಅವರೇ ಒಪ್ಪಿ ಮುಂದೆ ಕಡಿಮೆ ಮಾಡಿದರು, ಕಲಿತವರು ಮಾತ್ರ ಬಿಡಲಿಲ್ಲ. 1995ರಲ್ಲಿ ತಂಬಾಕು ಕಂಪನಿಯ ಮಾಜಿ ಸಂಶೋಧನಾ ಮುಖ್ಯಸ್ಥ ಜೆಫ್ರಿ ವೈಗಾಂಡ್ ಅವರ ಸಂದರ್ಶನ ಕೈಯಲ್ಲಿದ್ದಾಗ, ಕೋಟ್ಯಂತರ ಡಾಲರಿನ ದಾವೆ ಬೀಳಬಹುದೆಂದು ಸಂಸ್ಥೆಯ ವಕೀಲರು ಹೆದರಿಸಿದರು, ಹ್ಯೂಯಿಟ್ ತಲೆಬಾಗಿದರು. ವೈಗಾಂಡ್ ಅವರ ಹೇಳಿಕೆ ಪತ್ರಿಕೆಯೊಂದರಲ್ಲಿ ಬಯಲಾದ ಮೇಲಷ್ಟೇ, 1996ರ ಫೆಬ್ರವರಿ 4ರಂದು, ಸಂದರ್ಶನ ಪ್ರಸಾರವಾಯಿತು. ಹ್ಯೂಯಿಟ್ ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ, 2018ರಲ್ಲಿ, ಅವರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಮಾಡಿದ್ದ ಮಹಿಳೆಯೊಬ್ಬರಿಗೆ ಸಿಬಿಎಸ್ 50 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೊಟ್ಟಿತ್ತೆಂಬ ವರದಿ ಹೊರಬಂತು. ಇತರರ ಗುಟ್ಟು ಬಯಲು ಮಾಡುವುದನ್ನೇ ಉದ್ಯೋಗ ಮಾಡಿಕೊಂಡ ಕಚೇರಿಯೊಳಗೇ ಈ ಗುಟ್ಟು ಅಷ್ಟು ವರ್ಷ ಮುಚ್ಚಿಕೊಂಡಿತ್ತು ಎಂಬುದನ್ನು ಬಿಟ್ಟು ಅವರ ಸಾಧನೆಯನ್ನು ಮಾತ್ರ ಹೇಳುವುದು ಸರಿಯಾಗದು.

ಅವರು ಮಾಡಿದ ದೊಡ್ಡ ಹಾನಿಯನ್ನು ಅವರೇ ಗುರುತಿಸಿದ್ದರು. ಅದುವರೆಗೆ ಸುದ್ದಿ ವಿಭಾಗವೆಂದರೆ ನಷ್ಟದ ಬಾಬ್ತು. ಪರವಾನಗಿ ಪಡೆದ ಸಂಸ್ಥೆ ಸಾರ್ವಜನಿಕರಿಗೆ ಸಲ್ಲಿಸಬೇಕಾದ ಸೇವೆ. ಸುದ್ದಿಯಿಂದ ಭರ್ಜರಿ ಲಾಭ ಬರುತ್ತದೆಂದು ‘60 ಮಿನಿಟ್ಸ್’ ತೋರಿಸಿಕೊಟ್ಟ ಮೇಲೆ ಮಾಲೀಕರು ಎಲ್ಲ ಸುದ್ದಿಯಿಂದಲೂ ಅದನ್ನೇ ನಿರೀಕ್ಷಿಸತೊಡಗಿದರು. ಟಿವಿ ಸುದ್ದಿ ಕೆಟ್ಟದ್ದರಲ್ಲಿ ತಮ್ಮ ಪಾಲೂ ಇದೆಯೆಂಬ ಅರ್ಥದಲ್ಲಿ ಹ್ಯೂಯಿಟ್ ಮಾತನಾಡಿದ್ದಾರೆ. ನನಗೆ ಅನ್ನಿಸುವುದೆಂದರೆ, ಕೆಟ್ಟದ್ದು ಲಾಭದಿಂದಷ್ಟೇ ಅಲ್ಲ, ಲೆಕ್ಕ ತಪ್ಪಿದ್ದರಿಂದ. ಅವರು ತುಂಬಬೇಕಾಗಿದ್ದದ್ದು ವಾರಕ್ಕೆ ಒಂದು ಗಂಟೆ, ಅದೂ ಜಾಹೀರಾತು ಕಳೆದು. ಅದಕ್ಕಾಗಿ ಹತ್ತಾರು ನಿರ್ಮಾಪಕರು ಒಂದೊಂದು ಕಥೆಯ ಮೇಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ದುಡಿಯುತ್ತಿದ್ದರು. ಕನ್ನಡಕ್ಕೆ ಇಪ್ಪತ್ತನಾಲ್ಕು ಗಂಟೆಯ ಸುದ್ದಿ ವಾಹಿನಿಗಳು ಬಂದ ಮೇಲೆ ಪ್ರತಿಯೊಂದೂ ತುಂಬಬೇಕಾದದ್ದು ವಾರಕ್ಕೆ 168 ಗಂಟೆ. ಹ್ಯೂಯಿಟ್ ಅವರಿಂದ ನಾಟಕವನ್ನು ತಂದರು, ಲಾಭದ ಆಸೆಯನ್ನು ತಂದರು, ತಳದ ಅಕ್ಷರಗಳನ್ನೂ ತಂದರು. ಆ ಒಂದು ಗಂಟೆಯ ಮಿತಿಯನ್ನು ಮಾತ್ರ ತರಲಿಲ್ಲ. ಮಿತಿ ಇದ್ದಾಗ ಯಾವುದನ್ನು ಬಿಡಬೇಕೆಂದು ಯೋಚಿಸಲೇಬೇಕಾಗುತ್ತದೆ. ಮಿತಿ ಇಲ್ಲದ ಕಡೆ ಕಾರಿನಿಂದ ಇಳಿಯುವ ಮನುಷ್ಯನನ್ನು ಮತ್ತೆ ಮತ್ತೆ ಇಳಿಸಬೇಕಾಗುತ್ತದೆ.

ಜಿಲ್ಲೆಯಿಂದ ಒಂದು ಗಂಟೆ

ಪರಿಚಯದ ಹುಡುಗನೊಬ್ಬ ಮಂಡ್ಯದಲ್ಲಿ ವಾಹಿನಿಯೊಂದಕ್ಕೆ ಸ್ಟ್ರಿಂಗರ್ ಆಗಿದ್ದಾನೆ. ಜಿಲ್ಲೆಗೊಂದು ಇಂಥ ವಾರದ ಕಾರ್ಯಕ್ರಮ ಸಾಧ್ಯವೇ ಎಂದು ಈಚೆಗೆ ಅವನನ್ನು ಕೇಳಿದೆ. ನಾನು ಯೋಚಿಸುವುದಕ್ಕೂ ಮೊದಲೇ ಅವನ ತಲೆಯಲ್ಲಿ ಪಟ್ಟಿ ಸಿದ್ಧವಿತ್ತು. 1933ರಲ್ಲಿ ಶುರುವಾಗಿ, ನಿಂತು, ಮತ್ತೆ ಶುರುವಾದ ಮೈಷುಗರ್ ಸಕ್ಕರೆ ಕಾರ್ಖಾನೆಗೆ ನಿಜವಾಗಿ ಏನಾಯಿತು ಎಂಬುದು ಮೊದಲನೆಯದು. ಕೊನೆ ಭಾಗದ ನಾಲೆ ಎರಡನೆಯದು. ನಾನು ಸಂಜಯ ವೃತ್ತದ ಪ್ರಸಂಗ ಹೇಳುವ ಮೊದಲೇ ಅವನು ಅದನ್ನು ಹೇಳಿದ. ಮೂರನೆಯದನ್ನು ಹೇಳುವಾಗ ಅವನ ದನಿ ತಗ್ಗಿತು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಬಯಲಿಗೆಳೆದಾಗ ಎಲ್ಲ ವಾಹಿನಿಗಳೂ ಆ ಆಲೆಮನೆಯ ಮುಂದೆ ನಿಂತು ಲೈವ್ ಕೊಟ್ಟವು. “ಸಾರ್, ಪೊಲೀಸರು ಹೇಳೋವರೆಗೆ ನಮಗ್ಯಾರಿಗೂ ಗೊತ್ತಾಗ್ಲಿಲ್ಲ. ಗೊತ್ತಾದ್ಮೇಲೂ ಮೂರು ದಿನ ಅಷ್ಟೇ. ಹೆಣ್ಣು ಮಗು ಬೇಡ ಅಂತ ಅಲ್ಲಿಗೆ ಹೋದ ಮನೆಗಳ ಕಡೆ ಯಾರೂ ಹೋಗ್ಲಿಲ್ಲ, ನಾನೂ ಹೋಗ್ಲಿಲ್ಲ” ಎಂದ.

ಹಾಗಾದರೆ ಈಗಲಾದರೂ ಮಾಡಬಹುದಲ್ಲವೇ ಎಂದೆ. ಅವನು ನಕ್ಕು ಲೆಕ್ಕ ಒಪ್ಪಿಸಿದ. ಕಳಿಸಿದ ಸುದ್ದಿಗೆ ಇಷ್ಟೆಂದು ಅವನಿಗೆ ಹಣ ಸಿಗುತ್ತದೆ, ಪ್ರಸಾರವಾಗದಿದ್ದರೆ ಇಲ್ಲ. ಅಪಘಾತ, ಕಳ್ಳತನ, ಪ್ರತಿಭಟನೆ, ಕಟ್ಟೆಯ ಮಟ್ಟ 124.80 ಅಡಿ ಮುಟ್ಟಿದ್ದು, ಇವೆಲ್ಲ ಒಂದೇ ದಿನದಲ್ಲಿ ಮುಗಿಯುತ್ತವೆ, ದುಡ್ಡಾಗುತ್ತವೆ. ಆಲೆಮನೆಗೆ ಹೋದವರ ಮನೆ ಬಾಗಿಲು ತಟ್ಟಿ ಅವರ ನಂಬಿಕೆ ಗಳಿಸಲು ತಿಂಗಳು ಬೇಕು. ಕ್ಯಾಮೆರಾ ಅವನದೇ, ಬೈಕ್ ಅವನದೇ, ಪೆಟ್ರೋಲೂ ಅವನದೇ. “ತಿಂಗಳಿಗೊಂದು ಸ್ಟೋರಿ ಕೊಟ್ರೆ ನನ್ನ ಇಎಂಐ ಯಾರ್ ಕಟ್ತಾರೆ ಸಾರ್? ಆ ನಿಮ್ಮ ಅಮೆರಿಕದೋರ ಹತ್ರ ಒಂದು ಕಥೆಗೆ ಎಷ್ಟು ಜನ ಇದ್ರು ಅಂದ್ರಿ?” ಎಂದು ಕೇಳಿದ. ನಾನು ಉತ್ತರಿಸುವಷ್ಟರಲ್ಲಿ ಅವನ ಮೊಬೈಲ್ ಹೊಡೆದುಕೊಂಡಿತು. ಮದ್ದೂರಿನ ಹತ್ತಿರ ಹೆದ್ದಾರಿಯಲ್ಲಿ ಬಸ್ ಕೆಟ್ಟು ಟ್ರಾಫಿಕ್ ಜಾಮ್ ಆಗಿದೆಯಂತೆ, ಡೆಸ್ಕ್‌ನವರಿಗೆ ಕೂಡಲೇ ಫುಟೇಜ್ ಬೇಕಂತೆ.